ಹುಲಿಗೆಮ್ಮನ ಬಾಯಿ

"ಎಲ್ಲಾ ಸರಿ ಇದೆ ಸರ್. ಬಾಯಿ ಮಾತ್ರ ನಮ್ಮವ್ವಂದಲ್ಲ," ಎಂದ ಮಲ್ಲೇಶ್. ಹಿಂದಿನ ವಾರ ಬಂದಾಗಲೂ ಅವನು ಇದೇ ಮಾತು ಹೇಳಿ ಹೋಗಿದ್ದ.

ಶಿವಯೋಗಿ ಕೈಯಲ್ಲಿದ್ದ ಒದ್ದೆ ಬಟ್ಟೆ ಹಿಂಡುತ್ತಾ ನಿಂತ. ತಿರುಗುಮಣೆಯ ಮೇಲಿದ್ದದ್ದು ಮಲ್ಲೇಶನ ತಾಯಿ ಹುಲಿಗೆಮ್ಮನ ಮಣ್ಣಿನ ಪ್ರತಿಮೆ. ಎದೆಯಿಂದ ಮೇಲಕ್ಕೆ, ನಿಜದ ಗಾತ್ರಕ್ಕಿಂತ ಒಂದಿಷ್ಟು ದೊಡ್ಡದು. ಭದ್ರಾವತಿಯ ಹಳೇನಗರದಲ್ಲಿ ಬಹಳ ವರ್ಷ ದಾದಿಯಾಗಿದ್ದವಳು ಹುಲಿಗೆಮ್ಮ. ಅವಳ ಕೈಯಲ್ಲಿ ಹುಟ್ಟಿದ ಮಕ್ಕಳು ಈಗ ದೊಡ್ಡವರಾಗಿದ್ದರು. ಅವಳು ತೀರಿಕೊಂಡ ಮೇಲೆ ಅವರೆಲ್ಲಾ ಸೇರಿ, ಅವಳಿದ್ದ ಬೀದಿಯ ಮೂಲೆಯಲ್ಲಿ ಅವಳದೊಂದು ಪ್ರತಿಮೆ ನಿಲ್ಲಿಸಬೇಕೆಂದು ಹೊರಟಿದ್ದರು.

"ನಮ್ಮವ್ವ ಸುಮ್ನೆ ಕೂತಿದ್ರೂ ಬಾಯಿ ಇಷ್ಟಗಲ ಇರೋದು ಸರ್. ಇದು ಯಾರೋ ಆಫೀಸರ್ ಬಂದಾಗ ತುಟಿ ಬಿಗಿಹಿಡ್ಕೊಂಡ ಹಂಗಿದೆ."

"ಆಯ್ತು, ನೋಡ್ತೀನಿ ಬಿಡಿ," ಎಂದ ಶಿವಯೋಗಿ.

"ಏನಂದ್ರಿ ಸರ್?"

"ನೋಡ್ತೀನಿ ಅಂದೆ."

ಮಲ್ಲೇಶ್ ಹೋದ ಮೇಲೆ ಶಿವಯೋಗಿ ಕೈವಾರ ತೆಗೆದು ಅಳೆದ. ಬಾಯಿಯ ಎರಡೂ ತುದಿ ತಾನು ಗುರುತು ಹಾಕಿದ್ದ ಜಾಗದಿಂದ ಒಳಗೆ ಸರಿದಿದ್ದವು. ತುಟಿಗಳ ನಡುವಿನ ಗೆರೆ ಮಣ್ಣಿನ ಮೇಲೆ ಉಗುರಿನಲ್ಲಿ ಗೀರಿದ ಹಾಗೆ ತೆಳ್ಳಗಿತ್ತು. ಮೂರು ದಿನದ ಹಿಂದೆ ತಾನೇ ಅಗಲ ಮಾಡಿ, ಆಳಕ್ಕೆ ಒತ್ತಿ, ಕನ್ನಡಿಯಲ್ಲೂ ನೋಡಿ ಸರಿಯಿದೆ ಎಂದುಕೊಂಡಿದ್ದ ಬಾಯಿ ಅದು.

ಮಾಚೇನಹಳ್ಳಿಯ ಆ ತಗಡಿನ ಶೆಡ್ಡಿನಲ್ಲಿ ಶಿವಯೋಗಿ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಪ್ರತಿಮೆ ಮಾಡುತ್ತಿದ್ದ. ಒಂದು ಪಕ್ಕದಲ್ಲಿ ಲೇತ್ ಮಿಷಿನ್ನಿನ ಕಾರ್ಖಾನೆ, ಇನ್ನೊಂದು ಪಕ್ಕದಲ್ಲಿ ಗೇಟು ಗ್ರಿಲ್ಲು ಮಾಡುವವರು. ಆ ಸದ್ದು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಬೆಳಿಗ್ಗೆ ದುರ್ಗಿಗುಡಿಯ ಮನೆಯಿಂದ ಸ್ಕೂಟರಿನಲ್ಲಿ ಬಂದವನು ವಾಚು ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದ. ಮೊಣಕೈವರೆಗೆ ತಣ್ಣೀರಿನಲ್ಲಿ ಕೈ ತೊಳೆದು, ತೊಟ್ಟಿಯಿಂದ ಒಂದು ಮುದ್ದೆ ಜೇಡಿಮಣ್ಣು ತೆಗೆದು ಮೂಸಿ ನೋಡುತ್ತಿದ್ದ. ಹದ ಬಂದ ಮಣ್ಣಿಗೆ ಹಾಳುಬಾವಿಯ ವಾಸನೆ ಇರಬೇಕು ಎನ್ನುತ್ತಿದ್ದ. ಮುಖ ಶುರು ಮಾಡುವುದು ಕಿವಿಯಿಂದ. ಕಿವಿ ಕೂತರೆ ತಲೆ ಎಲ್ಲಿಗೆ ಮುಗಿಯಬೇಕು ಎಂಬುದು ತಾನಾಗಿ ತಿಳಿಯುತ್ತದೆ ಎಂದು ಅವನ ಲೆಕ್ಕ. ಫೋಟೋಗಳನ್ನು ಗೋಡೆಗೆ ತಲೆಕೆಳಗಾಗಿ ಅಂಟಿಸುತ್ತಿದ್ದ. ನೆಟ್ಟಗಿದ್ದರೆ ಕಣ್ಣು ಮನುಷ್ಯನನ್ನು ನೋಡಿ ಮೋಸಹೋಗುತ್ತದೆ, ತಲೆಕೆಳಗಾದರೆ ಬರೀ ಉಬ್ಬುತಗ್ಗು ಕಾಣುತ್ತದೆ. ಮಧ್ಯಾಹ್ನದ ಊಟಕ್ಕೆ ಪ್ರತಿಮೆಗೆ ಬೆನ್ನು ಹಾಕಿ ಕೂರುತ್ತಿದ್ದ. ಊಟ ಆದ ಮೇಲೆ ಎದುರು ಗೋಡೆಯ ಕನ್ನಡಿಯಲ್ಲಿ ಅದನ್ನು ನೋಡಿ, ತಪ್ಪು ಹಿಡಿದು, ಆಮೇಲೆ ತಿರುಗುತ್ತಿದ್ದ. ಬಾಯಿ ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಯಾವ ಹತಾರವೂ ಇಲ್ಲ, ಬಲಗೈ ಹೆಬ್ಬೆರಳು ಮಾತ್ರ. ಶಿವಯೋಗಿ ಮಾಡಿದ ಬಾಯಿಯ ಮುಂದೆ ನಿಂತರೆ ಏನೋ ಹೇಳುತ್ತಾರೆ ಎಂದು ಕಾಯುವ ಹಾಗಾಗುತ್ತದೆ ಎಂದು ಜನ ಹೇಳುತ್ತಿದ್ದರು. ಆ ಮಾತು ಅವನಿಗೂ ಗೊತ್ತಿತ್ತು.

ಅವನ ಜೊತೆ ಕೆಲಸಕ್ಕಿದ್ದವಳು ರಂಜಿನಿ. ಮೂವತ್ತೈದರ ಹೆಂಗಸು, ಹಳೇನಗರದವಳು. ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಒಳಗಿನ ಕಬ್ಬಿಣದ ಕಡ್ಡಿ ಬಗ್ಗಿಸಿ ಕಟ್ಟುವುದು, ಮಣ್ಣು ಕಲಸುವುದು, ಕೂದಲು, ಸೆರಗಿನ ನೆರಿಗೆ, ಕೊನೆಗೆ ಪ್ಲಾಸ್ಟರಿನ ಅಚ್ಚು ತೆಗೆದು ಫೈಬರ್ ಹೊಯ್ಯುವುದು, ಎಲ್ಲವೂ ಅವಳ ಪಾಲಿನದು. ಬಾಯಿಯನ್ನು ಮಾತ್ರ ಅವಳು ಮುಟ್ಟುವ ಹಾಗಿರಲಿಲ್ಲ.

ಈಚೆಗೆ ಶಿವಯೋಗಿಗೆ ಎಲ್ಲರ ಮೇಲೂ ಸಿಟ್ಟು. ಮಣ್ಣಿಗೆ ವಾಸನೆಯೇ ಇಲ್ಲ, ಬೇರೆ ಯಾವುದೋ ಕೆರೆಯದು ತಂದು ಹಾಕಿದ್ದಾನೆ ಎಂದು ಮಣ್ಣು ತರುವವನ ಜೊತೆ ಜಗಳ ಆಡಿದ್ದ. ರಂಜಿನಿ ಮಾತುಮಾತಿಗೂ "ಜೋರಾಗಿ ಹೇಳಿ ಸರ್" ಎನ್ನುತ್ತಿದ್ದಳು. ಇವಳಿಗೆ ಕಿವಿ ಮಂದವಾಯಿತು ಎಂದುಕೊಂಡಿದ್ದ. ಶರ್ಟಿನ ಗುಂಡಿ ಹಾಕಲು ಹೊತ್ತು ಹಿಡಿದರೆ ದರ್ಜಿಯನ್ನು ಬೈಯುತ್ತಿದ್ದ. ಈಗ ಈ ಬಾಯಿ. ಶೆಡ್ಡಿನ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ ಮಾತ್ರ.

ಆ ಸಂಜೆ ಅವನು ಹುಲಿಗೆಮ್ಮನ ಬಾಯಿಯನ್ನು ಮತ್ತೆ ಅಗಲ ಮಾಡಿದ. ಪ್ಲಾಸ್ಟಿಕ್ ಹಾಳೆ ಹೊದಿಸಿ, ಕುತ್ತಿಗೆಯ ಸುತ್ತ ದಾರ ಕಟ್ಟಿ, ತನ್ನದೇ ಒಂದು ಗಂಟು ಹಾಕಿ ಹೋದ. ಬೆಳಿಗ್ಗೆ ಬಂದು ನೋಡಿದರೆ ಗಂಟು ಬೇರೆಯಾಗಿತ್ತು. ಹಾಳೆ ತೆಗೆದ. ಬಾಯಿ ಸಣ್ಣದಾಗಿತ್ತು.

ರಂಜಿನಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

"ಇದನ್ನ ಯಾಕೆ ಬಿಚ್ಚಿದೆ?"

"ನಿನ್ನೆ ನೀವು ಹೋದ ಮೇಲೆ ನೀರು ಚಿಮುಕಿಸೋಕೆ ಸರ್. ದಿನಾ ಮಾಡೋದೇ ಅಲ್ವಾ?"

"ಬಾಯಿ ಯಾಕೆ ಮುಟ್ಟಿದೆ?"

"ನಾನು ಮುಟ್ಟಿಲ್ಲ."

"ಹಂಗಾದ್ರೆ ಮಣ್ಣೇನು ತಾನೇ ನಡ್ಕೊಂಡು ಹೋಯ್ತಾ? ಇಲ್ಲಿಗೆ ಬರೋರು ನಾವಿಬ್ರೇ!"

ರಂಜಿನಿ ಬ್ಯಾಗು ಕೆಳಗಿಟ್ಟಳು. "ಸರ್, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸುಮಾರು ತಿಂಗಳಿಂದ ನೋಡ್ತಾ ಇದ್ದೀನಿ. ನೀವು ಹೆಬ್ಬೆರಳು ಒತ್ತಿ ಎಳೀತೀರಲ್ಲ, ಅದು ಅರ್ಧಕ್ಕೇ ನಿಂತ್ಬಿಡುತ್ತೆ. ನೀವು ಪೂರ್ತಿ ಎಳೆದೆ ಅಂದ್ಕೊಂಡು ಕೈ ತೆಗೀತೀರ. ನಿನ್ನೆ ಸಾಯಂಕಾಲ ನೀವು ಬಿಟ್ಟು ಹೋಗಿದ್ದೇ ಹಿಂಗೆ. ಡಾಕ್ಟ್ರಿಗೆ ತೋರಿಸಿ ಸರ್. ಹೋದ ಸಲ ಮೇಷ್ಟ್ರ ಪ್ರತಿಮೆ ಮಾಡಿದ್ವಲ್ಲ, ಅದರ ಶಲ್ಯ ನೀವೇ ಮಾಡಿದ್ದು, ನೆರಿಗೆ ಅಷ್ಟೂ ತೇಲಿಹೋಗಿತ್ತು. ಅಚ್ಚು ತೆಗೆಯೋ ಮುಂಚೆ ನಾನೇ ಆಳ ಮಾಡಿದ್ದು."

"ಅಂದ್ರೆ ಮುಟ್ಟಿದ್ದೀಯ."

"ಅದು ಶಲ್ಯ ಸರ್. ನಿಮ್ಮ ಹೆಸರು ಹಾಳಾಗಬಾರದು ಅಂತ..."

"ನನ್ನ ಹೆಸರು ಕಾಯೋಕೆ ನೀನ್ಯಾರು? ಕಳ್ಳತನ ಮಾಡಿ, ಕೊನೆಗೆ ನನ್ನ ಕೈಗೇ ರೋಗ ಅಂತೀಯ? ನಡಿ ಆಚೆ. ಬೀಗದ ಕೈ ಅಲ್ಲಿಟ್ಟು ಹೋಗು."

ಅವನು ಕೂಗುತ್ತಿದ್ದೇನೆ ಎಂದುಕೊಂಡಿದ್ದ. ಪಕ್ಕದ ಗ್ರಿಲ್ಲಿನವರಿಗೆ ಏನೂ ಕೇಳಿಸಲಿಲ್ಲ. ರಂಜಿನಿಗೆ ಕೇಳಿಸಿತು. ಅವಳು ಬೀಗದ ಕೈಯನ್ನು ಮಣ್ಣಿನ ತೊಟ್ಟಿಯ ಅಂಚಿನ ಮೇಲಿಟ್ಟು, ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿ ಹೋದಳು.

ಆಮೇಲಿನ ದಿನಗಳಲ್ಲಿ ಶಿವಯೋಗಿ ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿಕೊಂಡು ಕೆಲಸ ಮಾಡಿದ. ಬಾಯಿಯನ್ನು ಕೆಡವಿ ಕಟ್ಟಿದ, ಕೆಡವಿ ಕಟ್ಟಿದ. ಅಗಲ ಸರಿ ಮಾಡಿದರೆ ಆಳ ಹೋಗುತ್ತಿತ್ತು. ಆಳ ಮಾಡಿದರೆ ತುಟಿಯ ತುದಿ ಒಳಗೆ ಬರುತ್ತಿತ್ತು. ಕಟ್ಟುವಾಗ ಎಲ್ಲವೂ ಸರಿಯಿತ್ತು. ಬೆರಳಿಗೆ ಹಳೇ ಗುರುತು ಇತ್ತು, ಮಣ್ಣು ಹಿಂದಿನ ಹಾಗೇ ಜಾಗ ಬಿಡುತ್ತಿತ್ತು. ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಯಾರೋ ಅಪರಿಚಿತ ಹೆಂಗಸು ತುಟಿ ಬಿಗಿದು ತನ್ನನ್ನು ನೋಡುತ್ತಿದ್ದಳು. ಈಗ ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಬೈಯುವುದಕ್ಕೂ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಫೋನು ತೆಗೆಯಲಿಲ್ಲವೆಂದು ಹೆಂಡತಿ ಪುಷ್ಪಾ ಆಟೋ ಮಾಡಿಕೊಂಡು ಬಂದಳು. ಬಾಗಿಲು ಬಡಿದರೆ ತೆರೆಯಲಿಲ್ಲ. ಗ್ರಿಲ್ಲಿನವರು ಬಂದು ಚಿಲಕ ಮುರಿದರು. ಶಿವಯೋಗಿ ನೆಲದ ಮೇಲೆ ಕೂತಿದ್ದ. ಪ್ರತಿಮೆಗೆ ಮೂಗಿನಿಂದ ಕೆಳಗೆ ಮುಖವಿರಲಿಲ್ಲ. ಕಿತ್ತ ಮಣ್ಣು ಅವನ ತೊಡೆಯ ಮೇಲೆ, ಅಂಗಿಯ ಮೇಲೆ, ಗೋಡೆಯ ಮೇಲೆ. ಒಳಗಿನ ಕಡ್ಡಿ ಹೊರಗೆ ಕಾಣುತ್ತಿತ್ತು.

"ಏಳಕ್ಕಾಗ್ತಾ ಇಲ್ಲ ಪುಷ್ಪಾ," ಎಂದ. "ಬಹಳ ಹೊತ್ತಿಂದ ಏಳ್ಬೇಕು ಅಂದ್ಕೋತಾನೇ ಇದ್ದೀನಿ."

ಪುಷ್ಪಾ ಅವನ ಎರಡೂ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. "ನೀವು ಬಲಗಾಲು ಎಳೀತಾ ನಡೀತಿದ್ದೀರ, ಎಷ್ಟು ದಿನದಿಂದ ಹೇಳ್ತಿದ್ದೀನಿ. ಹೇಳಿದ್ರೆ ಮೈಮೇಲೆ ಬರ್ತೀರ," ಎಂದು ಅಳುತ್ತಲೇ ಗದರಿದಳು.

ಶಿವಮೊಗ್ಗದ ನರರೋಗದ ಡಾಕ್ಟರು ರಕ್ತ ತೆಗೆಯಲಿಲ್ಲ, ಯಂತ್ರದೊಳಗೆ ಮಲಗಿಸಲಿಲ್ಲ. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಬಿಡಿ, ತಾಗಿಸಿ ಬಿಡಿ, ಆದಷ್ಟು ಅಗಲ ತೆಗೆಯಿರಿ ಎಂದರು. ಶಿವಯೋಗಿ ಮಾಡಿದ. ಮೊದಮೊದಲು ಬೆರಳುಗಳು ಚೆನ್ನಾಗಿ ತೆರೆದುಕೊಂಡವು. ಹೋಗ್ತಾ ಹೋಗ್ತಾ ನಡುವಿನ ಜಾಗ ಕಿರಿದಾಯಿತು, ಕೊನೆಗೆ ಎರಡು ಬೆರಳೂ ಒಂದಕ್ಕೊಂದು ಅಂಟಿಕೊಂಡು ಸುಮ್ಮನೆ ಅದುರಿದವು. ಪುಷ್ಪಾ ಬೇರೆ ಕಡೆ ನೋಡಿದಳು.

"ಪಾರ್ಕಿನ್ಸನ್ಸ್," ಎಂದರು ಡಾಕ್ಟರು. "ಎಲ್ಲರಿಗೂ ಕೈ ನಡುಗಲ್ಲ. ಕೆಲವರಿಗೆ ಹೀಗೆ ಬಿಗಿತ ಬರುತ್ತೆ, ನಿಧಾನ ಆಗುತ್ತೆ. ಚಲನೆ ಸಣ್ಣದಾಗುತ್ತೆ. ವಿಚಿತ್ರ ಅಂದ್ರೆ ನಿಮಗೆ ಅದು ಗೊತ್ತಾಗಲ್ಲ. ಪೂರ್ತಿ ಮಾಡಿದೆ ಅಂತಲೇ ಅನ್ನಿಸುತ್ತೆ. ಮಾತೂ ಅಷ್ಟೇ. ವಾಸನೆ ತಿಳಿಯುತ್ತಾ ನಿಮಗೆ?"

ಶಿವಯೋಗಿ ಮಣ್ಣು ತರುವವನನ್ನು ನೆನೆದ. ದರ್ಜಿಯನ್ನು ನೆನೆದ. ತೊಟ್ಟಿಯ ಅಂಚಿನ ಮೇಲೆ ಬೀಗದ ಕೈ ಇಟ್ಟು ಹೋದವಳನ್ನು ನೆನೆದ.

"ಗುಳಿಗೆಯಲ್ಲಿ ಹೋಗುತ್ತಾ?"

"ಬಿಗಿತ ಕಮ್ಮಿ ಆಗುತ್ತೆ. ಕಾಯಿಲೆ ಹೋಗಲ್ಲ. ಏನೇ ಮಾಡಿ, ದೊಡ್ಡದಾಗಿ ಮಾಡ್ತೀನಿ ಅಂತ ಮನಸ್ಸಿಗೆ ಹೇಳ್ಕೊಂಡು ಮಾಡಿ."

ಆ ಮಾತನ್ನೇ ಹಿಡಿದುಕೊಂಡು ಅವನು ಮತ್ತೆ ಶೆಡ್ಡಿಗೆ ಹೋದ. ಗುಳಿಗೆ ನುಂಗಿ ಸ್ವಲ್ಪ ಹೊತ್ತಾದ ಮೇಲೆ ಭುಜ ಹಗುರವಾಯಿತು, ಬೆರಳು ಸಡಿಲವಾಯಿತು. ಆಸೆ ಬಂತು. ಹುಲಿಗೆಮ್ಮನ ಗಲ್ಲ ಕಟ್ಟಿದ, ದವಡೆ ಕಟ್ಟಿದ. ಬಾಯಿಗೆ ಬಂದಾಗ ದೊಡ್ಡದು, ಇನ್ನೂ ದೊಡ್ಡದು ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಹೆಬ್ಬೆರಳು ಎಳೆದ. ಹಿಂದೆ ಸರಿದು ನೋಡಿದರೆ ದೃಷ್ಟಿಗೊಂಬೆಯ ಬಾಯಿ. ಅದನ್ನು ಕಿರಿದು ಮಾಡಲು ಹೋದ. ಎಲ್ಲಿ ನಿಲ್ಲಿಸಬೇಕು ಎಂದು ಬೆರಳು ಹೇಳಲಿಲ್ಲ. ಇಷ್ಟು ವರ್ಷ ಅವನ ಹೆಬ್ಬೆರಳು ಕಣ್ಣಿಗಿಂತ ಮೊದಲು ನಿಲ್ಲುತ್ತಿತ್ತು. ಈಗ ಅದು ಯಾರದೋ ಹೆಬ್ಬೆರಳು. ಸಾಕೆಂದು ಅನ್ನಿಸಿದಾಗ ಕಡಿಮೆಯಾಗಿತ್ತು, ಕಡಿಮೆಯೆಂದು ಅನ್ನಿಸಿದಾಗ ಅತಿಯಾಗಿತ್ತು.

ಮಲ್ಲೇಶ್ ಫೋನು ಮಾಡಿದ. "ಅವ್ವನ ವರ್ಷದ ಪೂಜೆ ದಿನಾನೇ ಇಡೋದು ಅಂತ ಎಲ್ರೂ ಹೇಳ್ತಿದ್ದಾರೆ ಸರ್. ನಿಮಗೆ ಕಷ್ಟ ಆದ್ರೆ ಹೇಳ್ಬಿಡಿ. ಬೇರೆ ಕಡೆ ರೆಡಿಮೇಡ್ ಥರ ಮಾಡಿಕೊಡ್ತಾರಂತೆ, ಫೋಟೋ ಕಳಿಸಿದ್ರೆ ಸಾಕಂತೆ."

"ನಾನು ಮಾಡಿಕೊಡ್ತೀನಿ," ಎಂದ ಶಿವಯೋಗಿ.

ಮಾರನೇ ದಿನ ಅವನು ಭದ್ರಾವತಿಯ ಬಸ್ಸು ಹತ್ತಿದ. ಇಷ್ಟು ವರ್ಷದಲ್ಲಿ ರಂಜಿನಿಯ ಮನೆಗೆ ಅವನು ಒಮ್ಮೆಯೂ ಹೋಗಿರಲಿಲ್ಲ. ಹಳೇನಗರದಲ್ಲಿ ಕೇಳಿಕೊಂಡು ಕೇಳಿಕೊಂಡು ಹೋದರೆ, ಮನೆಯ ಹಿಂದಿನ ಅಂಗಳದಲ್ಲಿ ಅವಳು ಪ್ಲಾಸ್ಟರ್ ಕಲಸುತ್ತಾ ಕೂತಿದ್ದಳು. ಸುತ್ತಲೂ ಚಾವಣಿಗೆ ಅಂಟಿಸುವ ಹೂವು, ಬಳ್ಳಿ, ಅಂಚುಪಟ್ಟಿಗಳು ಬಿಸಿಲಿಗೆ ಒಣಗುತ್ತಿದ್ದವು. ಅವಳ ತಾಯಿ ಪುಟ್ಟಲಕ್ಷ್ಮಿ ಕುರ್ಚಿ ತಂದು ಹಾಕಿ ಒಳಗೆ ಹೋದಳು.

"ನೀನು ಹೇಳಿದ್ದು ನಿಜ," ಎಂದ ಶಿವಯೋಗಿ. "ಕಾಯಿಲೆಯಂತೆ."

"ಗೊತ್ತಾಯ್ತು. ಪುಷ್ಪಕ್ಕ ಫೋನ್ ಮಾಡಿದ್ರು."

"ಬಾಯಿ ನೀನು ಮಾಡು ರಂಜಿನಿ."

ಅವಳು ಪ್ಲಾಸ್ಟರಿನ ಕೈಯನ್ನು ಬಕೆಟ್ಟಿನಲ್ಲಿ ತೊಳೆದಳು. "ಹನ್ನೊಂದು ವರ್ಷ ಸರ್. ಒಂದು ದಿನ ಬಾಯಿ ಮುಟ್ಟು ಅನ್ನಲಿಲ್ಲ ನೀವು. ಕಲಿಸಿ ಅಂತ ಕೇಳಿದ್ದೆ, ನೆನಪಿದೆಯಾ? ಅದು ಕಲಿಸೋದಲ್ಲ, ಬರ್ಬೇಕು ಅಂದ್ರಿ. ಕೊನೆಗೆ ಕಳ್ಳಿ ಅಂದ್ರಿ. ಈಗ ಕೈ ಹೋಯ್ತು ಅಂತ ಬಂದಿದ್ದೀರ. ಕೈ ಚೆನ್ನಾಗಿದ್ದಿದ್ರೆ ಬರ್ತಿದ್ರಾ?"

ಶಿವಯೋಗಿ ಸುಳ್ಳು ಹೇಳಬಹುದಿತ್ತು. "ಇಲ್ಲ," ಎಂದ.

ರಂಜಿನಿ ಒಣಗುತ್ತಿದ್ದ ಹೂವೊಂದನ್ನು ಮಗುಚಿ ಹಾಕಿದಳು. "ಮಾಡ್ತೀನಿ. ನಿಮಗೋಸ್ಕರ ಅಲ್ಲ. ನಾನು ಹುಟ್ಟಿದ್ದೂ ಹುಲಿಗೆಮ್ಮನ ಕೈಯಲ್ಲೇ. ಆದ್ರೆ ಇಬ್ಬರ ಹೆಸರೂ ಹಾಕ್ಬೇಕು. ಮತ್ತೆ ನಾನು ಮಾಡುವಾಗ ನೀವು ಮಾತಾಡಬಾರದು."

ಅವನು ಒಪ್ಪಿದ. ಒಪ್ಪದೆ ಏನು ಮಾಡುತ್ತಿದ್ದ?

ರಂಜಿನಿ ಶೆಡ್ಡಿಗೆ ಬಂದವಳು ಮೊದಲು ಗೋಡೆಯ ಫೋಟೋಗಳನ್ನು ನೆಟ್ಟಗೆ ಮಾಡಿ ಅಂಟಿಸಿದಳು. ಕೊಟ್ಟ ಮಾತು ನೆನೆದು ಅವನು ಮೂಲೆಗೆ ಸರಿದ. ಅವಳು ಮೊಬೈಲಿನಲ್ಲಿ ಯಾರುಯಾರದೋ ಮದುವೆ, ನಾಮಕರಣದ ವಿಡಿಯೋ ಹಾಕಿಕೊಂಡು, ಅದರಲ್ಲಿ ಹುಲಿಗೆಮ್ಮ ಬಂದು ಹೋಗುವ ಚೂರುಗಳನ್ನು ಮತ್ತೆ ಮತ್ತೆ ನೋಡಿದಳು. ಆಮೇಲೆ ತಂತಿಯ ಹತಾರದಿಂದ ತುಟಿಯ ನಡುವೆ ಮಣ್ಣು ಕೊರೆದು, ಬಾಯಿ ತೆರೆದಳು. ಹಲ್ಲು ಕೂರಿಸತೊಡಗಿದಳು. ಹುಲಿಗೆಮ್ಮನ ಎದುರಿನ ಹಲ್ಲು ಎರಡು ಒಂದರ ಮೇಲೊಂದು ಹತ್ತಿದ್ದವು; ಹಾಗೆಯೇ ಮಾಡಿದಳು.

ಪ್ರತಿಮೆಗೆ ಹಲ್ಲು ಕಾಣಿಸಬಾರದು ಎಂಬುದು ಶಿವಯೋಗಿ ಜೀವನವಿಡೀ ಪಾಲಿಸಿಕೊಂಡು ಬಂದ ನಿಯಮ. ಹಲ್ಲು ಬಂದರೆ ಘನತೆ ಹೋಯಿತು. ಅವನು ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದ. ಒಂದು ದಿನ ನೋಡಿದ, ಎರಡು ದಿನ ನೋಡಿದ. ಮೂರನೇ ದಿನ ಅವಳು ಪ್ಲಾಸ್ಟರ್ ಚೀಲ ಇಳಿಸಿಕೊಳ್ಳಲು ರಸ್ತೆಗೆ ಹೋದಾಗ ಎದ್ದು ಪ್ರತಿಮೆಯ ಬಳಿ ಬಂದ. ಮೇಲ್ತುಟಿಯನ್ನು ಒಂದು ಕೂದಲೆಳೆಯಷ್ಟು ಕೆಳಗೆ ತಂದರೆ ಸಾಕಿತ್ತು, ಹಲ್ಲು ಅರ್ಧ ಮುಚ್ಚುತ್ತಿತ್ತು. ಅಷ್ಟೇ. ಹೆಬ್ಬೆರಳನ್ನು ಇಟ್ಟ, ಒತ್ತಿದ. ಈ ಸಲ ಬೆರಳು ಅರ್ಧಕ್ಕೆ ನಿಲ್ಲಲಿಲ್ಲ. ಬಿಗಿದ ತೋಳು ಇಡಿಯಾಗಿ ಮುಂದೆ ನುಗ್ಗಿ, ತುಟಿಯನ್ನೂ ಮುಂದಿನ ಹಲ್ಲುಗಳನ್ನೂ ಒಳಗೆ ತಳ್ಳಿತು.

ಅವನು ಬೆರಳು ತೆಗೆಯುವುದರೊಳಗೆ ರಂಜಿನಿ ಬಾಗಿಲಲ್ಲಿದ್ದಳು. ಓಡಿ ಬರಲಿಲ್ಲ, ಕೂಗಲಿಲ್ಲ. ಹೆಗಲ ಮೇಲಿನ ಚೀಲ ಇಳಿಸಿದಳು.

"ನಾಳೆಯಿಂದ ಬರಬೇಡಿ ಸರ್. ಅಚ್ಚು ತೆಗೆಯೋವರೆಗೂ ಬರಬೇಡಿ."

"ಇದು ನನ್ನ ಶೆಡ್ಡು," ಎಂದ.

"ಏನಂದ್ರಿ?"

ಅವನು ಚಪ್ಪಲಿ ಮೆಟ್ಟಿಕೊಂಡ.

ಹೊರಗೆ ಬಂದು ರಸ್ತೆಯ ಅಂಚಿನವರೆಗೆ ನಡೆದ. ಭದ್ರಾವತಿ ಕಡೆಯಿಂದ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಹೆಬ್ಬೆರಳಿಗೆ ಹತ್ತಿದ ಮಣ್ಣು ಒಣಗಿ ಚರ್ಮ ಎಳೆಯುತ್ತಿತ್ತು. ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದು ಎಂದು ಯೋಚಿಸಿದ, ಏನೂ ತೋಚಲಿಲ್ಲ. ನಾಡಿದ್ದು? ಅದೂ ಇಲ್ಲ. ಲಾರಿಗಳ ಗಾಳಿ ಮುಖಕ್ಕೆ ಹೊಡೆಯುವಷ್ಟು ಹತ್ತಿರ ತಾನು ನಿಂತಿರುವುದು, ಇನ್ನೂ ಒಂದು ಹೆಜ್ಜೆ ಇಡಬೇಕು ಎನ್ನಿಸುತ್ತಿರುವುದು ತಿಳಿದಾಗ ಅವನಿಗೆ ಭಯವಾಯಿತು. ಹಿಂದೆ ಸರಿದು, ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಕೂತು ಪುಷ್ಪಾಗೆ ಫೋನು ಮಾಡಿದ.

"ಬಂದು ಕರ್ಕೊಂಡು ಹೋಗು. ಬೇಗ ಬಾ. ನಂಗೆ ನನ್ನ ಮೇಲೆ ನಂಬಿಕೆ ಇಲ್ಲ."

"ಕೂತಲ್ಲಿಂದ ಏಳಬೇಡಿ. ಮಾತಾಡ್ತಾನೇ ಇರಿ, ಬಂದೆ," ಎಂದಳು ಪುಷ್ಪಾ. ಆಟೋದಲ್ಲಿ ಬರುವಷ್ಟು ಹೊತ್ತೂ ಫೋನಿನಲ್ಲಿ ಮಾತಾಡಿಸುತ್ತಲೇ ಇದ್ದಳು; ಬೆಳಿಗ್ಗೆ ಏನು ತಿಂಡಿ ತಿಂದಿರಿ, ಯಾವ ಅಂಗಡಿ ಮುಂದೆ ಕೂತಿದ್ದೀರಿ, ಅಂಗಡಿಯವನ ಹೆಸರೇನು ಕೇಳಿ. ಅಂಗಡಿಯವನ ಹೆಸರು ಸಿದ್ದು. ಶಿವಯೋಗಿ ಅಳುತ್ತಿರುವುದನ್ನು ನೋಡಿ ಸಿದ್ದು ಟೈರು ಬಿಟ್ಟು ಎದ್ದು ಬಂದು, ಏನೂ ಕೇಳದೆ ಪಕ್ಕದಲ್ಲಿ ಕೂತಿದ್ದ.

ಪ್ರತಿಮೆಯನ್ನು ಹುಲಿಗೆಮ್ಮನ ವರ್ಷದ ದಿನವೇ ಹಳೇನಗರದಲ್ಲಿ ನಿಲ್ಲಿಸಿದರು. ಶಿವಯೋಗಿ ಪುಷ್ಪಾಳ ಜೊತೆ ಹೋಗಿ ಜನರ ನಡುವೆ ನಿಂತಿದ್ದ. ಬಟ್ಟೆ ಸರಿಸಿದರು. ಹುಲಿಗೆಮ್ಮ ಬಾಯಿ ತುಂಬ ನಗುತ್ತಿದ್ದಳು, ಈಗಷ್ಟೇ ಒಳಕೋಣೆಯಿಂದ ಬಂದು ಗಂಡೋ ಹೆಣ್ಣೋ ಹೇಳಲು ಹೊರಟವಳ ಹಾಗೆ. ಮುದುಕಿಯೊಬ್ಬಳು ಜನರನ್ನು ತಳ್ಳಿಕೊಂಡು ಹೋಗಿ ಪ್ರತಿಮೆಯ ಕೆನ್ನೆಗೆ ಹಗುರವಾಗಿ ಹೊಡೆದಳು. "ಏನ್ ನಗ್ತೀಯೇ ಮಾರಾಯ್ತಿ, ನಮ್ಮನ್ನೆಲ್ಲಾ ಬಿಟ್ಟು ಹೋಗಿ!" ಎಲ್ಲರೂ ನಕ್ಕರು. ಮಲ್ಲೇಶ್ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಶಿವಯೋಗಿ ಆ ಬಾಯಿಯನ್ನೇ ನೋಡಿದ. ತಪ್ಪು ಹುಡುಕಿದ, ಒಂದೆರಡು ಸಿಕ್ಕವು, ಯಾವುದೂ ದೊಡ್ಡದಲ್ಲ. ಕೈ ಗಟ್ಟಿಯಾಗಿದ್ದಾಗಲೂ ತಾನು ಈ ಬಾಯಿ ಮಾಡುತ್ತಿರಲಿಲ್ಲ ಎಂಬುದು ಅವನಿಗೆ ತಿಳಿಯಿತು. ಕಾಯಿಲೆಯ ಹೆಸರು ಕೇಳಿದ ದಿನ ಆಗದಿದ್ದ ನೋವು ಈಗ ಆಯಿತು. ಪೀಠದ ಮೇಲೆ ಇಬ್ಬರ ಹೆಸರೂ ಇದ್ದವು, ಅವನದೇ ಮೊದಲು.

"ನನ್ನ ಹೆಸರು ಹಾಕಬಾರದಿತ್ತು," ಎಂದ ಪುಷ್ಪಾಗೆ.

"ಕಿವಿ ನಿಮ್ಮದೇ ಅಲ್ವಾ? ಕಣ್ಣು, ಹಣೆ?" ಎಂದಳು ಅವಳು. ಅವನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಆಮೇಲೆ ಬಹಳ ದಿನ ಅವನು ಮನೆಯಿಂದ ಹೊರಡಲಿಲ್ಲ. ಶೆಡ್ಡನ್ನು ರಂಜಿನಿ ತನ್ನ ಹೆಸರಿಗೆ ಬಾಡಿಗೆಗೆ ಮಾಡಿಕೊಂಡಳು. ಹೊಸ ಕೆಲಸ ಬಂದಿದೆ ಎಂದು ಒಂದು ದಿನ ಫೋನು ಮಾಡಿದಳು. "ಸರ್, ಪ್ಲಾಸ್ಟರ್ ಜರಡಿ ಹಿಡಿಯೋಕೆ ಯಾರೂ ಇಲ್ಲ. ಗಂಟು ಗಂಟು ಬಂದಿದೆ. ಬರ್ತೀರಾ? ಪಾಪ ಅಂತ ಕರೀತಿಲ್ಲ, ನಿಜವಾಗ್ಲೂ ಕೆಲಸ ಇದೆ."

"ಆಗಲ್ಲ," ಎಂದು ಇಟ್ಟುಬಿಟ್ಟ. ಮೂರನೇ ದಿನ ಪುಷ್ಪಾಳ ಹತ್ತಿರ ಗುಂಡಿ ಹಾಕಿಸಿಕೊಂಡು, ಅವಳ ಜೊತೆಯೇ ಮಾಚೇನಹಳ್ಳಿಗೆ ಹೋದ.

ರಂಜಿನಿ ಕಡ್ಡಿ ಬಗ್ಗಿಸುತ್ತಿದ್ದಳು. ಯಾರ ಪ್ರತಿಮೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸ್ಟೂಲು, ಜರಡಿ, ಚೀಲ ತೋರಿಸಿದಳು. ಅವನು ಕೂತು ಜರಡಿಯನ್ನು ಅಲ್ಲಾಡಿಸಿದ. ಕೈ ನಿಧಾನವಾಗುತ್ತಾ ಬಂದು ನಿಂತಿತು. ನಿಂತಾಗೆಲ್ಲಾ ದೊಡ್ಡದು, ಇನ್ನೂ ದೊಡ್ಡದು ಎಂದು ಗಟ್ಟಿಯಾಗಿ ಹೇಳಿಕೊಂಡು ಮತ್ತೆ ಶುರು ಮಾಡಿದ. ಬಿಳಿ ಹುಡಿ ಬೇಸಿನ್ನಿನಲ್ಲಿ ಗುಡ್ಡೆಯಾಯಿತು, ಅವನ ಮೀಸೆಯ ಮೇಲೆ, ರೆಪ್ಪೆಯ ಮೇಲೆ ಕೂತಿತು. ರಂಜಿನಿ ಬಂದು ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿದಳು.

"ಇನ್ನೂ ನುಣ್ಣಗೆ ಬೇಕು ಸರ್."

ಅವನು ಬೇಸಿನ್ನಿನಲ್ಲಿದ್ದದ್ದನ್ನೆಲ್ಲಾ ಮತ್ತೆ ಜರಡಿಗೆ ಸುರಿದುಕೊಂಡ.